ತೋಟದ ಹೊಸ ಮನೆಗೆ ನೆಲದಡಿಯ ವಿದ್ಯುತ್ ಸಂಪರ್ಕ: ಖರ್ಚಿನ ಲೆಕ್ಕ

ಊರೊಳಗಿನ ಹಳೆಯ ಮನೆಯನ್ನು ಅಣ್ಣತಮ್ಮಂದಿರಿಗೆ ಬಿಟ್ಟು, ಜಮೀನಿನಲ್ಲೇ ಹೊಸ ಮನೆ ಕಟ್ಟಿಕೊಳ್ಳುವ ರೈತ ಕುಟುಂಬಗಳು ಹೆಚ್ಚುತ್ತಿವೆ. ದನಕರುಗಳ ಪಾಲನೆಗೆ, ರಾತ್ರಿ ನೀರು ಕಟ್ಟುವುದಕ್ಕೆ, ತೋಟದ ಕಾವಲಿಗೆ ಇದು ಅನುಕೂಲವೇ. ಆದರೆ ಇಂಥ ಮನೆಗಳ ಖರ್ಚಿನ ಪಟ್ಟಿಯಲ್ಲಿ ಕಲ್ಲು, ಇಟ್ಟಿಗೆ, ಸಿಮೆಂಟು, ಮರಮುಟ್ಟುಗಳಿಗೆ ಸಿಗುವ ಗಮನ ವಿದ್ಯುತ್ತಿಗೆ ಸಿಗುವುದಿಲ್ಲ. ಗೋಡೆ ಎದ್ದು ತಾರಸಿ ಬಿದ್ದ ಮೇಲೆ ಕಂಬ ಎಲ್ಲಿದೆಯೆಂದು ನೋಡುವುದು ವಾಡಿಕೆ. ಆಗ ಕಂಬ ನೂರು ಮೀಟರ್ ದೂರದಲ್ಲಿದ್ದರೆ ಖರ್ಚನ್ನು ಕಡಿಮೆ ಮಾಡುವ ದಾರಿಗಳೆಲ್ಲ ಮುಚ್ಚಿಹೋಗಿರುತ್ತವೆ.

ಬೆಂಗಳೂರಿನಂಥ ನಗರಗಳಲ್ಲಿ ತಂತಿಗಳನ್ನು ನೆಲದಡಿಗೆ ಇಳಿಸುತ್ತಿರುವುದನ್ನು ಕಂಡು, ತಮ್ಮ ತೋಟದ ಮನೆಗೂ ಹಾಗೆಯೇ ಕೇಬಲ್ ಹಾಕಿಸಬೇಕೆಂದು ಬಯಸುವವರಿದ್ದಾರೆ. ಈ ಬಯಕೆ ಬರಿಯ ಅಂದಕ್ಕಾಗಿ ಹುಟ್ಟಿದ್ದಲ್ಲ. ಅಂಗಳದ ಮೇಲೆ ತಂತಿ ಹಾದುಹೋದರೆ ಹುಲ್ಲಿನ ಗಾಡಿ, ಕಬ್ಬಿನ ಟ್ರಾಕ್ಟರ್, ತೆಂಗಿನ ಕಾಯಿ ಕೀಳುವ ಗಳ ಎಲ್ಲಕ್ಕೂ ಅಪಾಯವುಂಟು. ಅಲ್ಯೂಮಿನಿಯಂ ಏಣಿಯನ್ನು ನೆಟ್ಟಗೆ ಎತ್ತಿಕೊಂಡು ಹೋಗುವಾಗ ತಂತಿಗೆ ತಾಗಿ ಪ್ರಾಣ ಹೋಗುವುದುಂಟು. ಮಲೆನಾಡಿನ ಅಡಿಕೆ ತೋಟಗಳಲ್ಲಂತೂ ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯುವುದು ಹೊಸ ಸಂಗತಿಯೇನಲ್ಲ. ನೆಲದಡಿಯ ಕೇಬಲ್ ಈ ತೊಂದರೆಗಳನ್ನೆಲ್ಲ ತಪ್ಪಿಸುತ್ತದೆ. ಆದರೆ ಅದರ ಬೆಲೆ ಹೆಚ್ಚು. ಎಷ್ಟು ಹೆಚ್ಚು, ಆ ಹೆಚ್ಚುವರಿ ಎಲ್ಲಿಂದ ಬರುತ್ತದೆ, ಯಾವ ಖರ್ಚನ್ನು ಉಳಿಸಬಹುದು, ಯಾವುದನ್ನು ಉಳಿಸಲೇಬಾರದು ಎಂಬುದನ್ನು ಮನೆಗೆ ಪಾಯ ತೋಡುವ ಮೊದಲೇ ತಿಳಿದಿರಬೇಕು.

ಯಾವ ಲೈನಿನಿಂದ ಸಂಪರ್ಕ?

ಹಳ್ಳಿಗಳಲ್ಲಿ ಇಂದಿಗೂ ‘ಕೆ.ಇ.ಬಿ.’ ಎಂದೇ ಕರೆಯುವ ಇಲಾಖೆ 1957ರಲ್ಲಿ ರಚನೆಯಾದದ್ದು. 1999ರಲ್ಲಿ ಅದು ನಿಗಮವಾಯಿತು. 2002ರಲ್ಲಿ ವಿತರಣೆಯ ಕೆಲಸ ಪ್ರತ್ಯೇಕ ಕಂಪನಿಗಳಿಗೆ ಬಂದಿತು. ಈಗ ರಾಜ್ಯದಲ್ಲಿ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಹಾಗೂ ಮೈಸೂರಿನ ಸೆಸ್ಕ್ ಎಂಬ ಐದು ಕಂಪನಿಗಳು ಈ ಕೆಲಸ ಮಾಡುತ್ತಿವೆ. ಹೆಸರು ಯಾವುದಾದರೂ ರೈತನು ಮೊದಲು ಹೋಗಬೇಕಾದದ್ದು ತನ್ನ ಹೋಬಳಿಗೆ ಸೇರಿದ ಶಾಖಾ ಕಚೇರಿಗೆ.

ಅಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ದುಡ್ಡಿನದಲ್ಲ. ಮನೆಗೆ ಹತ್ತಿರವಿರುವ ಕಂಬದಲ್ಲಿ ಹಾದುಹೋಗುವುದು ಯಾವ ಲೈನು ಎಂಬುದು ಆ ಪ್ರಶ್ನೆ. ನಿರಂತರ ಜ್ಯೋತಿ ಯೋಜನೆ ಜಾರಿಯಾದ ಕಡೆಗಳಲ್ಲಿ ಊರಿನ ಮನೆಗಳಿಗೂ ನೀರಾವರಿ ಪಂಪ್‌ಸೆಟ್ಟುಗಳಿಗೂ ಫೀಡರುಗಳನ್ನು ಬೇರೆ ಮಾಡಲಾಗಿದೆ. ಪಂಪ್‌ಸೆಟ್ಟಿನ ಫೀಡರಿನಲ್ಲಿ ಮೂರು ಫೇಸ್ ವಿದ್ಯುತ್ತು ದಿನದ ಕೆಲವು ಗಂಟೆ ಮಾತ್ರ ಇರುತ್ತದೆ. ಮನೆಯಿಂದ 20 ಮೀಟರಿನಲ್ಲಿ ಪಂಪ್‌ಸೆಟ್ಟಿನ ಕಂಬವಿದ್ದು, ಮನೆಬಳಕೆಯ ಲೈನು 150 ಮೀಟರಿನಲ್ಲಿದ್ದರೆ ಲೆಕ್ಕಕ್ಕೆ ಹಿಡಿಯಬೇಕಾದದ್ದು ಸಾಮಾನ್ಯವಾಗಿ ಎರಡನೆಯ ದೂರವನ್ನೇ. ಈ ಒಂದು ಸಂಗತಿ ತಿಳಿಯದೆ ಜಾಗ ಆರಿಸಿದವರ ಅಂದಾಜು ಬುಡಮೇಲಾಗುತ್ತದೆ.

ಪಂಪ್‌ಸೆಟ್ಟಿನ ಪೆಟ್ಟಿಗೆಯಿಂದಲೇ ಮನೆಗೆ ಒಂದು ತಂತಿ ಎಳೆದುಕೊಂಡರಾಯಿತು ಎಂದು ಸಲಹೆ ಕೊಡುವವರು ಎಲ್ಲ ಊರಿನಲ್ಲೂ ಇರುತ್ತಾರೆ. ಮಂಜೂರಾದ ಉದ್ದೇಶ ಬಿಟ್ಟು ಬೇರೆಯದಕ್ಕೆ ಬಳಸುವುದು 2003ರ ವಿದ್ಯುಚ್ಛಕ್ತಿ ಕಾಯಿದೆಯ 126ನೆಯ ಕಲಮಿನಂತೆ ಅನಧಿಕೃತ ಬಳಕೆಯಾಗುತ್ತದೆ. ಅನ್ವಯವಾಗುವ ದರದ ಎರಡರಷ್ಟನ್ನು ಕಟ್ಟಬೇಕಾಗುತ್ತದೆ. ದಂಡದ ಮಾತು ಹಾಗಿರಲಿ, ಹೀಗೆ ಎಳೆದ ತಂತಿಗೆ ಸರಿಯಾದ ಫ್ಯೂಸಾಗಲಿ ಅರ್ಥಿಂಗಾಗಲಿ ಇರುವುದು ಅಪರೂಪ.

ಖರ್ಚಿನ ಎರಡು ಭಾಗ

ಹೊಸ ಸಂಪರ್ಕದ ಖರ್ಚನ್ನು ಎರಡಾಗಿ ಒಡೆದು ನೋಡಬೇಕು. ಮೊದಲನೆಯದು ಕಂಪನಿಗೆ ಕಟ್ಟುವ ಹಣ: ಅರ್ಜಿಯ ಶುಲ್ಕ, ಮಂಜೂರಾದ ಲೋಡಿಗೆ ತಕ್ಕಂತೆ ಭದ್ರತಾ ಠೇವಣಿ, ಲೈನು ವಿಸ್ತರಿಸಬೇಕಾದಲ್ಲಿ ಅದರ ವೆಚ್ಚ. ಕಾಯಿದೆಯ 46ನೆಯ ಕಲಮಿನ ಪ್ರಕಾರ ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಅನುಮತಿಸಿದ ಮಟ್ಟಿಗೆ, ಲೈನು ಹಾಕಲು ನ್ಯಾಯವಾಗಿ ತಗಲಿದ ವೆಚ್ಚವನ್ನು ಕಂಪನಿಯು ಅರ್ಜಿದಾರನಿಂದ ವಸೂಲು ಮಾಡಬಹುದು. ‘ನ್ಯಾಯವಾಗಿ’ ಎಂಬ ಮಾತು ಮುಖ್ಯ. ಆದ್ದರಿಂದ ಬಾಯಿಮಾತಿನ ಮೊತ್ತಕ್ಕೆ ಒಪ್ಪದೆ, ಕಂಬವೆಷ್ಟು, ತಂತಿಯೆಷ್ಟು, ಕೂಲಿಯೆಷ್ಟು ಎಂದು ಬಿಡಿಸಿ ಬರೆದ ಅಂದಾಜು ಪಟ್ಟಿಯನ್ನು ಪಡೆಯುವುದು ಅರ್ಜಿದಾರನ ಹಿತಕ್ಕೆ ಒಳ್ಳೆಯದು. ಕಟ್ಟಿದ ಪ್ರತಿಯೊಂದು ರೂಪಾಯಿಗೂ ರಸೀದಿ ಇರಬೇಕು. ಭದ್ರತಾ ಠೇವಣಿಯು ಖರ್ಚಾಗಿ ಹೋಗುವ ಹಣವಲ್ಲವಾದ್ದರಿಂದ ಅದರ ರಸೀದಿಯನ್ನು ಪಹಣಿ, ಕಂದಾಯದ ಕಾಗದಗಳ ಜೊತೆಗೇ ಕಾಪಾಡಬೇಕು.

ಕಾಲಾವಧಿಯ ವಿಷಯವಾಗಿ ಒಂದು ಮಾತು. ಗ್ರಾಹಕರ ಹಕ್ಕುಗಳನ್ನು ಕುರಿತ 2020ರ ಕೇಂದ್ರ ನಿಯಮಗಳಿಗೆ 2024ರಲ್ಲಿ ಆದ ತಿದ್ದುಪಡಿಯು ಗ್ರಾಮಾಂತರ ಪ್ರದೇಶದ ಹೊಸ ಸಂಪರ್ಕಕ್ಕೆ 15 ದಿನಗಳ ಮಿತಿಯನ್ನು ಹೇಳುತ್ತದೆ. ಗುಡ್ಡಗಾಡಿನ ಹಳ್ಳಿಗಳಿಗೆ ಅದು 30 ದಿನ. ಅರ್ಜಿ ಎಲ್ಲ ದಾಖಲೆಗಳೊಂದಿಗೆ ಪೂರ್ಣವಾಗಿರಬೇಕು. ಲೈನನ್ನೇ ವಿಸ್ತರಿಸಬೇಕಾದಾಗ ಹೆಚ್ಚು ಸಮಯ ಹಿಡಿಯುತ್ತದೆ. ಗೃಹಪ್ರವೇಶದ ಮುಹೂರ್ತ ಗೊತ್ತುಮಾಡುವವರು ಇದನ್ನೂ ಗಮನದಲ್ಲಿಡಬೇಕು.

ಖರ್ಚಿನ ಎರಡನೆಯ ಭಾಗ ನೆಲದೊಳಗೆ ಹೋಗುವಂಥದು: ಕೇಬಲ್, ಟ್ರೆಂಚು, ಮರಳು, ಇಟ್ಟಿಗೆ, ಕೊಳವೆ, ಕೂಲಿ. ಓವರ್‌ಹೆಡ್ ಸಂಪರ್ಕಕ್ಕೂ ನೆಲದಡಿಯ ಸಂಪರ್ಕಕ್ಕೂ ಇರುವ ವ್ಯತ್ಯಾಸವೆಲ್ಲ ಇಲ್ಲಿ ಹುಟ್ಟುತ್ತದೆ. ಮೇಲಿನ ತಂತಿಗೆ ಕಂಬದಿಂದ ಕಂಬಕ್ಕೆ ನಡುವಿನ ನೆಲ ಹೇಗಿದ್ದರೂ ಚಿಂತೆಯಿಲ್ಲ. ಕೇಬಲ್ಲಿಗಾದರೋ ಪ್ರತಿಯೊಂದು ಅಡಿ ನೆಲವನ್ನೂ ಅಗೆದು ಮುಚ್ಚಬೇಕು.

ಟ್ರೆಂಚಿನ ಅಳತೆ

ಕೇಬಲ್ ಹೂಳುವ ರೀತಿಯನ್ನು ಭಾರತೀಯ ಮಾನಕ ಐ.ಎಸ್. 1255 ವಿವರಿಸುತ್ತದೆ. ಮನೆಬಳಕೆಯ ಕಡಿಮೆ ಒತ್ತಡದ ಕೇಬಲ್ಲಿನ ಮೇಲೆ ಕನಿಷ್ಠ 75 ಸೆಂ.ಮೀ., ಅಂದರೆ ಎರಡೂವರೆ ಅಡಿ ಮಣ್ಣಿರಬೇಕು. ರಸ್ತೆಯನ್ನು ದಾಟುವ ಕಡೆ ಒಂದು ಮೀಟರ್. ಒಂದು ಕೇಬಲ್ಲಿಗೆ ಟ್ರೆಂಚಿನ ಅಗಲ ಕನಿಷ್ಠ 35 ಸೆಂ.ಮೀ. ತಳದಲ್ಲಿ ಸುಮಾರು 8 ಸೆಂ.ಮೀ. ಮರಳು ಹಾಸಿ, ಕೇಬಲ್ ಮಲಗಿಸಿ, ಮೇಲೆ ಮತ್ತೆ ಅಷ್ಟೇ ಮರಳು ಹಾಕಿ, ಅದರ ಮೇಲೆ ಇಟ್ಟಿಗೆ ಜೋಡಿಸಿ ಮಣ್ಣು ಮುಚ್ಚುವುದು ಕ್ರಮ. ಇಟ್ಟಿಗೆಯ ಉದ್ದೇಶ ಕೇಬಲ್ಲಿಗೆ ಭಾರ ಹೊರಿಸುವುದಲ್ಲ. ಹತ್ತು ವರ್ಷದ ನಂತರ ಗುದ್ದಲಿ ಹಿಡಿದು ಅಗೆಯುವವನಿಗೆ ‘ಇಲ್ಲೇನೋ ಇದೆ’ ಎಂದು ತಿಳಿಸುವುದು ಅದರ ಕೆಲಸ.

ಹೊಲಗದ್ದೆಗಳಲ್ಲಿ ಎರಡೂವರೆ ಅಡಿ ಆಳವೆಂಬುದು ದೊಡ್ಡ ಆಡಂಬರವಲ್ಲ. ಟ್ರಾಕ್ಟರಿನ ನೇಗಿಲು ಒಂದಡಿ ಇಳಿಯಬಲ್ಲದು. ಬಾಳೆ, ತೆಂಗಿನ ಗುಂಡಿಗಳು ಅದಕ್ಕಿಂತ ಆಳ. ಖರ್ಚು ಉಳಿಸಲು ಒಂದೂವರೆ ಅಡಿಗೆ ಕೇಬಲ್ ಹೂತವನು ತನ್ನ ಕೈಯಾರೆ ಹೊಲದಲ್ಲಿ ಅಪಾಯವನ್ನು ಬಿತ್ತಿದ ಹಾಗೆ. ಬೇಸಾಯದ ಜಾಗವನ್ನು ಸಾಧ್ಯವಾದಷ್ಟೂ ಬಿಟ್ಟು, ಬದು ಅಥವಾ ದಾರಿಯ ಅಂಚಿನಲ್ಲೇ ಕೇಬಲ್ ಹೋಗುವಂತೆ ನೋಡಿಕೊಳ್ಳಬೇಕು. ಹತ್ತಿಪ್ಪತ್ತು ಮೀಟರ್ ಸುತ್ತಾದರೂ ಇದೇ ಲೇಸು.

ಕಂಬದಿಂದ ಮನೆಗೆ 90 ಮೀಟರ್ ದೂರವೆಂದು ಇಟ್ಟುಕೊಳ್ಳೋಣ. 35 ಸೆಂ.ಮೀ. ಅಗಲ, 85 ಸೆಂ.ಮೀ. ಆಳದ ಟ್ರೆಂಚಿನಿಂದ ಸುಮಾರು 27 ಘನ ಮೀಟರ್ ಮಣ್ಣು ಬರುತ್ತದೆ. ಇದೇ ಕೆಲಸವನ್ನು 60 ಸೆಂ.ಮೀ. ಬಕೆಟ್ಟಿನ ಜೆ.ಸಿ.ಬಿ. ಯಂತ್ರದಿಂದ ಮಾಡಿಸಿದರೆ 46 ಘನ ಮೀಟರ್ ಆಗುತ್ತದೆ. ಅಗೆತ ಬೇಗ ಮುಗಿದರೂ ಅಗಲವಾದ ತಳಕ್ಕೆ ಮರಳು ಹೆಚ್ಚು ಬೇಕು. ಕಿರಿದಾದ ಬಕೆಟ್ ಸಿಗುವುದೇ ಎಂದು ಮೊದಲೇ ವಿಚಾರಿಸಬೇಕು. ಮರಳು 18 ಸೆಂ.ಮೀ. ದಪ್ಪಕ್ಕೆ, 35 ಸೆಂ.ಮೀ. ಅಗಲಕ್ಕೆ ಲೆಕ್ಕ ಹಾಕಿದರೆ ಸುಮಾರು 200 ಘನ ಅಡಿ ಬೇಕು. ಮರಳು ದುಬಾರಿಯಾದಲ್ಲಿ ಕಲ್ಲುಹರಳು ಇಲ್ಲದಂತೆ ಜರಡಿ ಹಿಡಿದ ಮೃದು ಮಣ್ಣನ್ನೂ ಬಳಸಬಹುದು. ಮಾನಕವೂ ಇದನ್ನು ಒಪ್ಪುತ್ತದೆ. ಇಟ್ಟಿಗೆಯನ್ನು ಕೇಬಲ್ಲಿಗೆ ಅಡ್ಡಲಾಗಿ ಒತ್ತೊತ್ತಾಗಿ ಜೋಡಿಸಿದರೆ ಸುಮಾರು 820, ಉದ್ದುದ್ದಕ್ಕೆ ಇಟ್ಟರೆ 390 ಸಾಕು.

ಮಣ್ಣಿನ ಗುಣವು ಖರ್ಚನ್ನು ಬಹಳ ಬದಲಿಸುತ್ತದೆ. ಕೆಂಪು ಮಣ್ಣಿನ ಪ್ರದೇಶದಲ್ಲಿ ಒಂದಡಿ ಕೆಳಗೆ ಗೊರಸು ಕಲ್ಲು ಸಿಕ್ಕರೆ ಕೂಲಿ ಏರುತ್ತದೆ; ಕರಾವಳಿಯ ಮುರಕಲ್ಲಿನಲ್ಲಿ ಗುದ್ದಲಿ ಸಾಲದು, ಹಾರೆ ಬೇಕು. ವಿಜಯಪುರ, ಬಾಗಲಕೋಟೆ, ರಾಯಚೂರುಗಳ ಎರೆಭೂಮಿ ಅಗೆಯಲು ಸುಲಭವಾದರೂ ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಅಂಥ ನೆಲದಲ್ಲಿ ಕೇಬಲ್ಲನ್ನು ಹುರಿ ಎಳೆದಂತೆ ಬಿಗಿಯಾಗಿ ಹಾಕಬಾರದು. ಹಾವು ಹರಿದಂತೆ ಸ್ವಲ್ಪ ಅಂಕುಡೊಂಕಾಗಿ ಸಡಿಲ ಬಿಡಬೇಕು. ಹಾಗಾಗಿ ದಾರಿ ಗೊತ್ತುಮಾಡಿದ ಮೇಲೆ ಮೂರು ನಾಲ್ಕು ಕಡೆ ಒಂದೊಂದು ಗುಂಡಿ ತೋಡಿ ನೋಡುವುದು ಜಾಣತನ. ಅರ್ಧ ದಿನದ ಕೂಲಿಯಲ್ಲಿ ಬಂಡೆ ಎಲ್ಲಿದೆಯೆಂದು ತಿಳಿದುಹೋಗುತ್ತದೆ.

ಕೇಬಲ್ ಎಷ್ಟು ಉದ್ದ, ಎಷ್ಟು ದಪ್ಪ?

ನೆಲದ ಮೇಲೆ ಅಳೆದ 90 ಮೀಟರಿಗೆ 90 ಮೀಟರ್ ಕೇಬಲ್ ಕೊಂಡರೆ ಸಾಲದು. ಎಂಟು ಮೀಟರಿನ ಕಂಬ ಹತ್ತಲು 7 ಮೀಟರ್, ಮನೆಯ ಗೋಡೆ ಏರಿ ಮೀಟರ್ ಬೋರ್ಡು ಸೇರಲು 2 ಮೀಟರ್, ಮುಂದೆ ತುದಿ ಸುಟ್ಟುಹೋದರೆ ಕತ್ತರಿಸಿ ಮತ್ತೆ ಸೇರಿಸಲು ಎರಡೂ ಕಡೆ ಮೂರು ಮೂರು ಮೀಟರ್ ಸುರುಳಿ. ಒಟ್ಟು 105 ಮೀಟರ್ ಆಯಿತು. ಕಡಿಮೆ ಕೊಂಡವನು ಕೊನೆಗೆ ತುಂಡು ಕೇಬಲ್ ತಂದು ಜಾಯಿಂಟ್ ಹಾಕಿಸುತ್ತಾನೆ. ನೆಲದಡಿಯ ಕೇಬಲ್ ಕೆಡುವುದು ಬಹುಪಾಲು ಜಾಯಿಂಟಿನಲ್ಲಿ. ನೀರು ಇಳಿಯುವುದೂ ಅಲ್ಲೇ. ಮನೆಯ ಸರ್ವಿಸ್ ಕೇಬಲ್ಲಿನ ನಡುವೆ ಜಾಯಿಂಟೇ ಇರಬಾರದು.

ಉಕ್ಕಿನ ಕವಚವುಳ್ಳ, ಅಂದರೆ ಆರ್ಮರ್ಡ್, ಅಲ್ಯೂಮಿನಿಯಂ ಕೇಬಲ್ಲನ್ನೇ ಕೊಳ್ಳಬೇಕು. ಕವಚವಿಲ್ಲದ್ದು ಅಗ್ಗ. ಆದರೆ ತೋಟದಲ್ಲಿ ಹೆಗ್ಗಣಗಳಿವೆ, ಗುದ್ದಲಿಗಳಿವೆ. ಎಕ್ಸ್.ಎಲ್.ಪಿ.ಇ. ಹೊದಿಕೆಯದಾದರೆ ಐ.ಎಸ್. 7098, ಪಿ.ವಿ.ಸಿ.ಯದಾದರೆ ಐ.ಎಸ್. 1554 ಎಂಬ ಗುರುತು ಕೇಬಲ್ಲಿನ ಮೈಮೇಲೆ ಇರುತ್ತದೆ. ಕೊಳ್ಳುವಾಗ ಅದನ್ನು ಓದಿ ನೋಡಬೇಕು.

ದಪ್ಪದ ವಿಷಯದಲ್ಲಿ ಆಗುವ ತಪ್ಪು ಕಾಣುವುದು ಮನೆ ಸೇರಿದ ಮೇಲೆ. ತಂತಿ ಉದ್ದವಾದಷ್ಟೂ, ತೆಳುವಾದಷ್ಟೂ ವೋಲ್ಟೇಜು ದಾರಿಯಲ್ಲೇ ಸೋರಿಹೋಗುತ್ತದೆ. ಸುಮಾರು 3 ಕಿಲೋವಾಟಿನ ಬಳಕೆಯಲ್ಲಿ 15 ಆಂಪಿಯರ್ ಹರಿಯುತ್ತದೆಂದು ಹಿಡಿದರೆ, 100 ಮೀಟರ್ ದೂರದ ಸಿಂಗಲ್ ಫೇಸ್ ಸಂಪರ್ಕದಲ್ಲಿ 6 ಚದರ ಮಿ.ಮೀ. ಅಲ್ಯೂಮಿನಿಯಂ ಕೇಬಲ್ಲಿನಲ್ಲಿ ಸುಮಾರು 14 ವೋಲ್ಟ್, 10 ಚದರ ಮಿ.ಮೀ.ಯದರಲ್ಲಿ 9 ವೋಲ್ಟ್, 16ರಲ್ಲಿ 6 ವೋಲ್ಟಿಗಿಂತ ತುಸು ಕಡಿಮೆ, 25ರಲ್ಲಿ ಮೂರೂವರೆ ವೋಲ್ಟ್ ನಷ್ಟವಾಗುತ್ತದೆ. ಕೇಬಲ್ ಬಿಸಿಯಾದಾಗ ನಷ್ಟ ಇನ್ನೂ ಹೆಚ್ಚು. ಕಂಬದಲ್ಲಿ 230 ವೋಲ್ಟ್ ಇದ್ದರೆ 14 ವೋಲ್ಟಿನ ನಷ್ಟವನ್ನು ಹೇಗೋ ತಾಳಿಕೊಳ್ಳಬಹುದು. ಸಂಜೆಯ ಹೊತ್ತು ಹಳ್ಳಿಯ ಲೈನಿನ ಕೊನೆಯ ಕಂಬದಲ್ಲಿ 205 ಇದ್ದರೆ ಮನೆಯಲ್ಲಿ 191 ಮಾತ್ರ ಉಳಿಯುತ್ತದೆ. ಆಗ ಫ್ರಿಜ್ಜು ಶುರುವಾಗಲು ಒದ್ದಾಡುತ್ತದೆ. ಒಂದು ಅಶ್ವಶಕ್ತಿಯ ನೀರಿನ ಮೋಟಾರು ಬಿಸಿಯಾಗಿ ಕಾಯಿಲ್ ಸುಡುತ್ತದೆ.

ಈ ದೂರಕ್ಕೆ 16 ಚದರ ಮಿ.ಮೀ.ಗಿಂತ ಕಡಿಮೆ ಯೋಚಿಸುವುದು ಸರಿಯಲ್ಲ. ಮುಂದೆ ಮೇವು ಕತ್ತರಿಸುವ ಯಂತ್ರವೋ ಹಿಟ್ಟಿನ ಗಿರಣಿಯೋ ಬರುವ ಅಂದಾಜಿದ್ದರೆ ಮೂರು ಫೇಸಿಗೆ ಆಗುವ ನಾಲ್ಕು ಕೋರಿನ ಕೇಬಲ್ಲನ್ನೇ ಈಗ ಹೂಳುವುದು ಮೇಲು. ಟ್ರೆಂಚನ್ನು ಎರಡು ಸಲ ತೋಡುವುದಕ್ಕಿಂತ ದೊಡ್ಡ ದಂಡ ಬೇರೆಯಿಲ್ಲ.

ಒಂದು ಮಾದರಿ ಲೆಕ್ಕ

ಕೆಳಗಿನ ದರಗಳು ಲೆಕ್ಕದ ರೀತಿಯನ್ನು ತೋರಿಸಲು ಮಾತ್ರ. ರೈತರು ತಮ್ಮ ಊರಿನ ದರ ಹಾಕಿಕೊಳ್ಳಬೇಕು. ಕೇಬಲ್ ಮೀಟರಿಗೆ 160 ರೂ., ಅಗೆದು ಮುಚ್ಚುವುದಕ್ಕೆ ಮೀಟರಿಗೆ 100 ರೂ., ಮರಳು ಇಟ್ಟಿಗೆಗೆ ಮೀಟರಿಗೆ 110 ರೂ., ಕಂಬದ ಬಳಿಯ ಜಿ.ಐ. ಕೊಳವೆ, ಕ್ಲಾಂಪು, ತುದಿಗಳ ಜೋಡಣೆಗೆ ಒಟ್ಟಾಗಿ 4,000 ರೂ. ಎಂದುಕೊಳ್ಳೋಣ. 90 ಮೀಟರಿನ ದಾರಿಗೆ ಕೇಬಲ್ 16,800, ಅಗೆತ 9,000, ಮರಳು ಇಟ್ಟಿಗೆ 9,900, ಉಳಿದದ್ದು 4,000. ಒಟ್ಟು 39,700 ರೂ. ಇದರಲ್ಲಿ 30 ಮೀಟರ್ ಕಲ್ಲುನೆಲವಾಗಿ ಅಲ್ಲಿ ಅಗೆತಕ್ಕೆ ನಾಲ್ಕರಷ್ಟು ಹಿಡಿದರೆ ಇನ್ನೂ 9,000 ಸೇರಿ 48,700 ಆಗುತ್ತದೆ.

ಅದೇ ಮನೆಯನ್ನು ಕಂಬದಿಂದ 40 ಮೀಟರಿನಲ್ಲಿ ಕಟ್ಟಿದ್ದರೆ? ಕೇಬಲ್ 55 ಮೀಟರ್ ಸಾಕು. ಒಟ್ಟು 21,200 ರೂ. ಆಗುತ್ತದೆ. ಮನೆಯ ಜಾಗವನ್ನು ಐವತ್ತು ಮೀಟರ್ ಇತ್ತ ಸರಿಸಿದ್ದರಿಂದ 18,500 ರೂ. ಉಳಿಯಿತು. ಯಾವ ಅಂಗಡಿಯವನೂ ಕೇಬಲ್ಲಿನ ಬೆಲೆಯಲ್ಲಿ ಇಷ್ಟು ರಿಯಾಯಿತಿ ಕೊಡಲಾರ.

ಇನ್ನೊಂದು ಬಗೆಯಲ್ಲೂ ಈ ಲೆಕ್ಕವನ್ನು ನೋಡಬಹುದು. 10ರ ಬದಲು 16 ಚದರ ಮಿ.ಮೀ. ಕೇಬಲ್ಲಿಗೆ ಮೀಟರಿಗೆ 40 ರೂ. ಹೆಚ್ಚೆಂದರೂ 105 ಮೀಟರಿಗೆ 4,200 ರೂ. ಆಯಿತು. ಅದನ್ನು ಉಳಿಸಲು ಹೋಗಿ ಐದು ವರ್ಷದ ಮೇಲೆ ಕೇಬಲ್ ಬದಲಿಸಬೇಕಾಗಿ ಬಂದರೆ, ಅಗೆತ ಮರಳು ಇಟ್ಟಿಗೆಗಳಿಗೇ ಮತ್ತೆ 18,900 ರೂ.ವರೆಗೆ ಬೀಳುತ್ತದೆ, ಹೊಸ ಕೇಬಲ್ಲಿನ ಬೆಲೆ ಬೇರೆ.

ಪೂರ್ತಿ ದೂರ ನೆಲದಡಿ ಬೇಕೆ?

ಮನೆಬಳಕೆಯ ಲೈನು ಇನ್ನೂರು ಮುನ್ನೂರು ಮೀಟರ್ ದೂರವಿದ್ದರೆ ಅಷ್ಟೂ ದೂರ ಕೇಬಲ್ ಹೂಳುವುದು ಸಾಮಾನ್ಯ ರೈತನ ಕೈಗೆ ಮೀರಿದ್ದು, ಅಗತ್ಯವೂ ಇಲ್ಲ. ಗಾಡಿ, ಏಣಿ, ಮಕ್ಕಳು, ಮರಗಳು ಇರುವುದು ಮನೆಯ ಸುತ್ತ. ಹೊಲದ ಅಂಚಿನವರೆಗೆ ಕಂಬಗಳ ಮೇಲೆ ಲೈನು ತಂದು, ಕೊನೆಯ ಕಂಬದಿಂದ ಅಂಗಳ ದಾಟಿ ಮನೆಗೆ ಮೂವತ್ತು ನಲವತ್ತು ಮೀಟರ್ ಮಾತ್ರ ನೆಲದಡಿ ಹಾಕಿಸುವುದು ಹೆಚ್ಚಿನವರಿಗೆ ಒಪ್ಪುವ ಏರ್ಪಾಡು. ಬರಿಯ ತಂತಿಯ ಲೈನು ರಸ್ತೆಯಿಲ್ಲದ ಜಾಗದಲ್ಲೂ ನೆಲದಿಂದ 4.6 ಮೀಟರ್ ಎತ್ತರ, ತಾರಸಿಯಿಂದ ಮೇಲಕ್ಕೆ 2.5 ಮೀಟರ್, ಗೋಡೆಯಿಂದ ಪಕ್ಕಕ್ಕೆ 1.2 ಮೀಟರ್ ದೂರವಿರಬೇಕೆಂಬ ನಿಯಮವಿದೆ. ಇಂದು ಒಂದಂತಸ್ತಿನ ಮನೆ ಕಟ್ಟಿ ನಾಳೆ ಮೇಲಂತಸ್ತು ಏರಿಸುವವರು ಈ ಅಂತರವನ್ನು ಮರೆಯುವುದರಿಂದಲೇ ಅನೇಕ ಅನಾಹುತಗಳಾಗುತ್ತವೆ. ಕೊನೆಯ ತುಂಡನ್ನು ನೆಲದಡಿ ಹಾಕಿಸಿದರೆ ಆ ಭಯ ದೂರವಾಗುತ್ತದೆ.

ದಾರಿಯು ಬೇರೆಯವರ ಜಮೀನಿನಲ್ಲಿ ಹಾಯುವುದಾದರೆ ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕು. ಇಂದು ಸ್ನೇಹದಲ್ಲಿ ‘ಆಗಲಿ ಬಿಡಪ್ಪ’ ಎಂದ ನೆರೆಯವರ ಮಕ್ಕಳು ನಾಳೆ ಹಾಗೆನ್ನದೆ ಇರಬಹುದು. ಪಂಚಾಯಿತಿ ರಸ್ತೆ ದಾಟಬೇಕಾದರೆ ಅನುಮತಿ ಬೇಕು. ರಸ್ತೆ ಸರಿಪಡಿಸುವ ವೆಚ್ಚವೂ ಅಂದಾಜಿಗೆ ಸೇರುತ್ತದೆ.

ಕೂಡಿಸಿ ಮಾಡಬಹುದಾದ ಕೆಲಸ

ಹೊಸ ಮನೆಗೆ ಬೋರ್‌ವೆಲ್ಲಿನಿಂದ ನೀರಿನ ಪೈಪು ಬರುವುದಂತೂ ಸರಿಯೇ. ದಾರಿ ಒಂದೇ ಆದರೆ ಟ್ರೆಂಚನ್ನು ಸ್ವಲ್ಪ ಅಗಲ ಮಾಡಿ ಎರಡನ್ನೂ ಹಾಕಬಹುದು. ಪೈಪಿಗೂ ಕೇಬಲ್ಲಿಗೂ ನಡುವೆ ಒಂದಡಿ ಅಂತರ ಬಿಡಬೇಕು. ಪೈಪು ಒಡೆದಾಗ ಅಗೆಯುವವನ ಗುದ್ದಲಿ ಕೇಬಲ್ಲಿಗೆ ತಗಲಬಾರದು. ಅಂಗಳಕ್ಕೆ ಕಾಂಕ್ರೀಟು ಹಾಕುವ, ದಾರಿಗೆ ಕಲ್ಲು ಹಾಸುವ ಮೊದಲು ಅಡ್ಡಲಾಗಿ ಒಂದು ಖಾಲಿ ಪೈಪು ಹೂತಿಟ್ಟರೆ ಮುಂದೆ ಕೊಟ್ಟಿಗೆಗೆ ದೀಪ ಎಳೆಯಲು ನೆಲ ಒಡೆಯಬೇಕಾಗಿಲ್ಲ. ಅಗೆತ, ಮರಳು ತುಂಬುವುದು, ಮುಚ್ಚುವುದು ಮನೆಯವರೇ ಮಾಡಿಕೊಳ್ಳಬಹುದಾದ ಕೆಲಸ. ಕೇಬಲ್ ತುದಿಗಳ ಜೋಡಣೆ, ಅರ್ಥಿಂಗ್, ಪರೀಕ್ಷೆಗಳು ಮಾತ್ರ ಪರವಾನಗಿ ಇರುವ ಗುತ್ತಿಗೆದಾರನಿಂದಲೇ ಆಗಬೇಕು. ಕಂಬದ ಮೇಲಿನ ಕೆಲಸ ಕಂಪನಿಯದು.

ಅರ್ಥಿಂಗಿನಲ್ಲಿ ಜಿಪುಣತನ ಸಲ್ಲದು. ಎರಡೂವರೆ ಮೀಟರ್ ಉದ್ದದ 40 ಮಿ.ಮೀ. ಜಿ.ಐ. ಕೊಳವೆಯನ್ನು ತೇವವಿರುವ ಜಾಗದಲ್ಲಿ ಇಳಿಸಿ, ಕೇಬಲ್ಲಿನ ಉಕ್ಕಿನ ಕವಚವನ್ನೂ ಅರ್ಥಿಗೆ ಸೇರಿಸಬೇಕು. ಮನೆಯ ಒಳಗೆ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಇದ್ದರೆ ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಿದ ಮಗುವಿನ ಜೀವ ಉಳಿಯುತ್ತದೆ. ಇಡೀ ಲೆಕ್ಕದಲ್ಲಿ ಇದರ ಬೆಲೆ ತೀರ ಸಣ್ಣದು.

ಮಣ್ಣು ಮುಚ್ಚುವ ಮೊದಲು ಕೇಬಲ್ಲಿಗೆ ಮೆಗ್ಗರ್ ಪರೀಕ್ಷೆ ಮಾಡಿಸಬೇಕು. ಮುಚ್ಚಿದ ಮೇಲೆ ಇನ್ನೊಮ್ಮೆ. ತೆರೆದ ಟ್ರೆಂಚಿನ ಫೋಟೋ ತೆಗೆದುಕೊಂಡು, ಕಂಬದಿಂದ ಎಷ್ಟು ಮೀಟರಿಗೆ ತಿರುವು, ಬದುವಿನಿಂದ ಎಷ್ಟು ಅಡಿ ದೂರ, ಯಾವ ಮರದ ಪಕ್ಕ ಎಂದು ಗುರುತು ಹಾಕಿದ ನಕ್ಷೆಯೊಂದನ್ನು ಬರೆದು ಜಮೀನಿನ ಕಾಗದಗಳ ಜೊತೆ ಇಡಬೇಕು. ತಿರುವುಗಳಲ್ಲಿ ಒಂದೊಂದು ಗುರುತುಕಲ್ಲು ನೆಡಬೇಕು. ಮೊದಲ ಮಳೆಗೆ ಟ್ರೆಂಚಿನ ಮಣ್ಣು ಕುಸಿದು ತಗ್ಗು ಬೀಳುತ್ತದೆ. ಉಳಿದ ಮಣ್ಣನ್ನು ಬೇರೆ ಕಡೆ ಸಾಗಿಸಿಬಿಡದೆ ಪಕ್ಕದಲ್ಲೇ ಗುಡ್ಡೆ ಹಾಕಿದ್ದರೆ ಆ ತಗ್ಗನ್ನು ತುಂಬಲು ಬರುತ್ತದೆ.